ಆರ್ಟಿಕಲ್‌ಶಿಪ್‌ನ ಎರಡನೆಯ ವರ್ಷ: ಮುಂಬಯಿಯ ಆಡಿಟ್ ಕಚೇರಿಯಲ್ಲೇ ಉಳಿಯಲೇ, ಕಂಪನಿಯ ಹಣಕಾಸು ವಿಭಾಗಕ್ಕೆ ಹೋಗಲೇ?

ಪ್ರಶ್ನೆ: ಡೊಂಬಿವಲಿಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವಳು. ಸಿ.ಎ. ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪುಗಳನ್ನು ಮುಗಿಸಿ ಕಳೆದ ಆಗಸ್ಟ್ 1ರಂದು ಮುಂಬಯಿಯ ಫೋರ್ಟ್‌ನಲ್ಲಿರುವ ಮಧ್ಯಮ ಗಾತ್ರದ ಆಡಿಟ್ ಕಚೇರಿಯೊಂದರಲ್ಲಿ ಆರ್ಟಿಕಲ್‌ಶಿಪ್‌ಗೆ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗಲು ಪಡೆಯಬೇಕಾದ ಪ್ರಾಯೋಗಿಕ ತರಬೇತಿಗೆ, ಸೇರಿದೆ. ಡೊಂಬಿವಲಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನವೂ ಲೋಕಲ್‌ನಲ್ಲಿ ಸಿ.ಎಸ್.ಎಂ.ಟಿ.ವರೆಗೆ ಹೋಗಿಬರುತ್ತೇನೆ. 2023ರ ಜುಲೈ 1ರಿಂದ ತರಬೇತಿಯ ಅವಧಿ ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿರುವುದರಿಂದ ನನಗೆ ಉಳಿದಿರುವುದು ಒಂದು ವರ್ಷ ಮೂರು ತಿಂಗಳು ಮಾತ್ರ. ಕೊನೆಯ ವರ್ಷದಲ್ಲಿ 9ರಿಂದ 12 ತಿಂಗಳನ್ನು ಕಂಪನಿಯೊಂದರ ಹಣಕಾಸು ವಿಭಾಗದಲ್ಲಿ ಇಂಡಸ್ಟ್ರಿಯಲ್ ಟ್ರೈನಿಂಗ್ ಆಗಿ ಕಳೆಯಲು ಅವಕಾಶವಿದೆ. ಆದರೆ ಅದಕ್ಕೆ ಮೂರು ತಿಂಗಳು ಮೊದಲೇ ಪ್ರಿನ್ಸಿಪಾಲರಿಗೆ, ಅಂದರೆ ನಾನು ಯಾರ ಕೈಕೆಳಗೆ ತರಬೇತಿ ಪಡೆಯುತ್ತಿದ್ದೇನೋ ಆ ಸಿ.ಎ.ಗೆ, ತಿಳಿಸಬೇಕು. ಆಗಸ್ಟ್ 1ರಿಂದ ಹೋಗುವುದಾದರೆ ಈ ಏಪ್ರಿಲ್ ಮುಗಿಯುವುದರೊಳಗೆ ಪತ್ರ ಕೊಡಬೇಕು. ನನ್ನ ಕೈಯಲ್ಲಿರುವುದು ಹತ್ತು ದಿನ.

ಇದುವರೆಗೆ ನಾನು ಮಾಡಿದ್ದೇನು ಎಂದು ಹೇಳಿದರೆ ನನ್ನ ಗೊಂದಲ ನಿಮಗೆ ತಿಳಿಯಬಹುದು. ಮೊದಲ ಎರಡು ತಿಂಗಳು ವೌಚಿಂಗ್ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ವೌಚರಿಗೆ ಬಿಲ್ ಇದೆಯೇ, ಬಿಲ್ಲಿಗೆ ಮಂಜೂರಾತಿಯ ಸಹಿ ಇದೆಯೇ, ಮೊತ್ತ ಲೆಡ್ಜರಿಗೆ ತಾಳೆಯಾಗುತ್ತದೆಯೇ ಎಂದು ನೋಡಿ ಹಸಿರು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಹೋಗುವುದು. ಸೆಪ್ಟೆಂಬರಿನ ಟ್ಯಾಕ್ಸ್ ಆಡಿಟ್ (ಆದಾಯ ತೆರಿಗೆಗಾಗಿ ಮಾಡುವ ಲೆಕ್ಕಪರಿಶೋಧನೆ) ಗಡಿಬಿಡಿಯಲ್ಲಿ ರಾತ್ರಿ ಹತ್ತರವರೆಗೂ ಕೂತದ್ದುಂಟು. ಏನಾದರೂ ಕೇಳಿದರೆ ಸೀನಿಯರ್ ಆರ್ಟಿಕಲ್‌ಗಳಿಂದ, ಅಂದರೆ ನನಗಿಂತ ಮೊದಲು ಸೇರಿದ ತರಬೇತಿಯವರಿಂದ, ಬರುತ್ತಿದ್ದ ಉತ್ತರ ಒಂದೇ: "ಹೋದ ವರ್ಷದ ಫೈಲ್ ನೋಡು, ಹಾಗೇ ಮಾಡು." ಅವರೂ ಒತ್ತಡದಲ್ಲಿದ್ದರು ಎಂಬುದು ನನಗೆ ಗೊತ್ತು. ಆದರೂ ಆ ತಿಂಗಳಲ್ಲಿ ನಾನು ತುಂಬಿದ ಎಷ್ಟೋ ಕಾಲಂಗಳ ಅರ್ಥ ನನಗೆ ಇಂದಿಗೂ ಪೂರ್ತಿ ತಿಳಿದಿಲ್ಲ, ಮತ್ತು ಆ ಸಂಗತಿ ನನ್ನನ್ನು ಕಾಡುತ್ತಿದೆ.

ಫೆಬ್ರವರಿಯಲ್ಲಿ ಒಂದು ದಿನ ಸ್ಟಾಕ್ ಆಡಿಟ್‌ಗೆಂದು ಭಿವಂಡಿಯ ಗೋದಾಮಿಗೆ ಕಳಿಸಿದರು. ಪವರ್‌ಲೂಮ್ ನಡೆಸುವವರು; ಬ್ಯಾಂಕಿನಿಂದ ಕ್ಯಾಶ್ ಕ್ರೆಡಿಟ್ ಸಾಲ (ದಾಸ್ತಾನಿನ ಆಧಾರದ ಮೇಲೆ ಮಿತಿಯೊಳಗೆ ಬೇಕಾದಾಗ ಎತ್ತುವ ಸಾಲ) ಪಡೆದಿದ್ದಾರೆ; ಬ್ಯಾಂಕಿಗೆ ಅವರು ಕೊಟ್ಟ ದಾಸ್ತಾನು ಪಟ್ಟಿ ನಿಜವೇ ಎಂದು ನೋಡುವುದು ನಮ್ಮ ಕೆಲಸ. ಒಂದೇ ಟ್ಯೂಬ್‌ಲೈಟಿನ ಬೆಳಕು, ತಗಡಿನ ಮಾಡಿನವರೆಗೆ ಒಟ್ಟಿದ ಗ್ರೇ ಬಟ್ಟೆಯ (ಮಗ್ಗದಿಂದ ಬಂದ, ಇನ್ನೂ ಬಣ್ಣ ಹಾಕದ ಬಟ್ಟೆಯ) ಥಾನುಗಳು, ಪ್ರತಿ ಥಾನಿನ ತುದಿಗೆ ದಾರದಲ್ಲಿ ಕಟ್ಟಿದ ಚೀಟಿ, ಚೀಟಿಯಲ್ಲಿ ಲಾಟ್ ಸಂಖ್ಯೆ ಮತ್ತು ಮೀಟರ್. ನಾನು ಚೀಟಿ ಓದುವುದು, ಜೊತೆಗಿದ್ದವನು ಬರೆದುಕೊಳ್ಳುವುದು. ಹಿಂದಿನ ಗೋಡೆಯ ಸಾಲಿಗೆ ಬಂದಾಗ ಚೀಟಿಗಳ ಮೇಲೆ ಬೇರೊಬ್ಬ ವ್ಯಾಪಾರಿಯ ಹೆಸರಿತ್ತು. ಇದು ಯಾರದು ಎಂದು ಕೇಳಿದ್ದಕ್ಕೆ ಅಲ್ಲಿನ ಮೇಲ್ವಿಚಾರಕರಾದ ಮುಕಾದಮರು ಯಾವ ಸಂಕೋಚವೂ ಇಲ್ಲದೆ ಹೇಳಿದರು: ನೂಲು ಆ ಸೇಠರದು, ನಾವು ಮೀಟರಿಗೆ ಇಷ್ಟು ಎಂದು ಕೂಲಿ ಪಡೆದು ನೇಯ್ದು ಕೊಡುತ್ತೇವೆ. ಅಂದರೆ ಮಾಲು ಇವರದಲ್ಲ, ಜಾಬ್ ವರ್ಕ್‌ಗೆ ಬಂದದ್ದು. ಆದರೆ ಬ್ಯಾಂಕಿಗೆ ಕೊಟ್ಟ ಪಟ್ಟಿಯಲ್ಲಿ ಆ ಸಾಲೂ ಸೇರಿತ್ತು.

ಎಂಟು ತಿಂಗಳಲ್ಲಿ ನಾನೇ ಕಂಡುಹಿಡಿದದ್ದು ಅದೊಂದೇ. ಸೀನಿಯರ್ "ಒಳ್ಳೆಯದು, ಬರೆದುಕೋ" ಎಂದರು. ವರದಿಯಲ್ಲಿ ಅದು ಒಂದು ಸಾಲಾಯಿತು. ಆ ಒಂದು ಸಾಲಿನಿಂದ ಮುಂದೆ ಏನಾಯಿತು, ಬ್ಯಾಂಕಿನವರು ಏನು ಮಾಡಿದರು, ಆ ಮಾಲು ಪಟ್ಟಿಗೆ ಮೊದಲು ಹೇಗೆ ಬಂತು, ಇದ್ಯಾವುದೂ ನನಗೆ ಗೊತ್ತಾಗಲಿಲ್ಲ. ನಾವು ಲೆಕ್ಕದ ನಡುಭಾಗವನ್ನಷ್ಟೇ ನೋಡಿ ಫೈಲ್ ಮುಚ್ಚುತ್ತೇವೆ ಎಂಬ ಕೊರಗು ಅಂದಿನಿಂದ ಹೆಚ್ಚಾಗಿದೆ.

ಹಾಗಾಗಿ ನನ್ನ ಪ್ರಶ್ನೆ ಇಷ್ಟು: ಕಂಪನಿಯ ಒಳಗೆ ಹೋದರೆ ಲೆಕ್ಕ ಹುಟ್ಟುವ ಜಾಗವನ್ನು ನೋಡಲು ಸಿಗುತ್ತದೆಯೇ, ಅಥವಾ ಅಲ್ಲಿಯೂ ಇನ್‌ವಾಯ್ಸ್ ತುಂಬುವುದರಲ್ಲೇ ವರ್ಷ ಕಳೆದುಹೋಗುತ್ತದೆಯೇ? ಫೈನಲ್ ಪರೀಕ್ಷೆಯ ಓದಿಗೆ ಯಾವುದು ಅನುಕೂಲ? ಅನುಭವವಿದ್ದವರು ದಯವಿಟ್ಟು ಬರೆಯಿರಿ.

ಉತ್ತರ: ಠಾಣೆಯ ಅಕ್ಕ

ತಂಗಿ, ನಿನ್ನ ಪತ್ರ ಓದಿ ನನ್ನ ಆ ದಿನಗಳೇ ಕಣ್ಣಮುಂದೆ ಬಂದವು. ನನ್ನದು ಹಳೆಯ ಮೂರು ವರ್ಷದ ಪದ್ಧತಿ. ಮೂರನೆಯ ವರ್ಷವನ್ನು, ಅಂದರೆ 2023–24ನ್ನು, ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಹಣಕಾಸು ವಿಭಾಗದಲ್ಲಿ ಕಳೆದೆ. ಕಂಪನಿಯ ಹೆಸರು ಬೇಡ, ಏಕೆಂದರೆ ಮೊದಲು ಹೇಳಬೇಕಾದದ್ದು ಅಷ್ಟು ಒಳ್ಳೆಯ ಸಂಗತಿಯಲ್ಲ.

ಮೊದಲ ಆರು ವಾರ ನನಗೆ ಸಾಫ್ಟ್‌ವೇರಿನ ಪಾಸ್‌ವರ್ಡೇ ಸಿಗಲಿಲ್ಲ. ಇನ್ನೊಬ್ಬರ ಲಾಗಿನ್‌ನಲ್ಲಿ ಕೂತು ಪೂರೈಕೆದಾರರ ಇನ್‌ವಾಯ್ಸ್ ತುಂಬಿದೆ. ನೀನು ಹೆದರಿದ್ದು ಅಲ್ಲಿ ಖಂಡಿತ ಆಗಬಹುದು. ಆದ್ದರಿಂದ ಎಲ್ಲಿಗೆ ಹೋದರೂ ಸೇರುವ ಮೊದಲೇ ಎರಡು ವಿಷಯ ಕೇಳಿಕೋ. ನಿನಗೆ ಮಾರ್ಗದರ್ಶನ ಮಾಡುವ ಸಿ.ಎ. ಸದಸ್ಯರು ನೀನು ಕೂರುವ ಕಚೇರಿಯಲ್ಲೇ ಇರುತ್ತಾರೋ, ಇಲ್ಲವೇ ಸಹಿಗೆ ಮಾತ್ರ ಸಿಗುತ್ತಾರೋ. ಇನ್ನೊಂದು, ಯಾವ ಯಾವ ಮೇಜುಗಳಲ್ಲಿ ಎಷ್ಟೆಷ್ಟು ತಿಂಗಳು ಕೂರಿಸುತ್ತಾರೆ ಎಂಬುದು. ಎರಡನೆಯದಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ ಆ ಜಾಗ ಬಿಟ್ಟುಬಿಡು. ಈ ಪ್ರಶ್ನೆ ಕೇಳುವ ಧೈರ್ಯ ಆಗ ನನಗಿರಲಿಲ್ಲ.

ಆಮೇಲೆ ಕಂಪನಿಯ ದಿನದ ಹಣ ನೋಡಿಕೊಳ್ಳುವ ಟ್ರೆಷರಿಗೆ ಹಾಕಿದರು, ಅಲ್ಲಿಂದ ಎಲ್ಲವೂ ಬದಲಾಯಿತು. ಬೆಳಿಗ್ಗೆ ಒಂಬತ್ತೂವರೆಗೆ ಏಳು ಬ್ಯಾಂಕ್ ಖಾತೆಗಳ ಬಾಕಿ ತೆಗೆದು, ಇಂದು ಬರುವ ಹಣ, ಇಂದು ಹೋಗಬೇಕಾದ ಹಣ, ಉಳಿಯುವುದು ಎಷ್ಟು ಎಂದು ಒಂದು ಹಾಳೆ ಮಾಡಬೇಕು. ಉಳಿದ ಹಣ ಲಿಕ್ವಿಡ್ ಫಂಡಿಗೆ, ಅಂದರೆ ಅಲ್ಪಾವಧಿಗೆ ಹಣ ಇಡುವ ಮ್ಯೂಚುವಲ್ ಫಂಡಿಗೆ, ಹೋಗುತ್ತದೆ. ಅರ್ಜಿ ಮತ್ತು ಹಣ ಎರಡೂ ಮಧ್ಯಾಹ್ನ 1.30ರ ಒಳಗೆ ತಲುಪಿದರೆ ಹಿಂದಿನ ದಿನದ ಎನ್.ಎ.ವಿ. (ಫಂಡಿನ ಒಂದು ಯೂನಿಟ್‌ನ ಬೆಲೆ) ಸಿಗುತ್ತದೆ, ತಪ್ಪಿದರೆ ಒಂದು ದಿನದ ಗಳಿಕೆ ಹೋಯಿತು. ಒಮ್ಮೆ ಮಂಜೂರಾತಿ ಕೊಡಬೇಕಾದವರು ಮೀಟಿಂಗಿನಲ್ಲಿದ್ದರು, ಒಳಗೆ ಹೋಗಿ ಕರೆಯಲು ನನಗೆ ಸಂಕೋಚ. ಗಡಿಯಾರ 1.34 ತೋರಿಸುತ್ತಿದ್ದಾಗ ಅವರು ಹೊರಬಂದರು. ಒಂದು ದಿನದ ಬಡ್ಡಿ ಎಂದು ಪುಸ್ತಕದಲ್ಲಿ ಓದುವ ಮೊತ್ತ ಎಷ್ಟು ದೊಡ್ಡದೆಂದು ಅಂದು ಕೈಯಲ್ಲೇ ಲೆಕ್ಕ ಹಾಕಿ ನೋಡಿದೆ. ಆಮೇಲೆ ಮೀಟಿಂಗಿನ ಬಾಗಿಲು ತಟ್ಟಲು ಎಂದೂ ಹಿಂಜರಿಯಲಿಲ್ಲ.

ಆ ವರ್ಷದ ಮಾರ್ಚ್ ಇನ್ನೂ ಚೆನ್ನಾಗಿ ನೆನಪಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಒಪ್ಪಂದವಿಲ್ಲದಿದ್ದರೆ 15 ದಿನ, ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದೊಳಗೆ ಕೊಡದೆ ವರ್ಷಾಂತ್ಯಕ್ಕೆ ಬಾಕಿ ಉಳಿಸಿಕೊಂಡರೆ, ಆ ಖರ್ಚಿಗೆ ಆ ವರ್ಷ ತೆರಿಗೆಯ ಕಡಿತ ಸಿಗುವುದಿಲ್ಲ ಎಂಬ ಆದಾಯ ತೆರಿಗೆ ಕಾಯಿದೆಯ 43ಬಿ(ಎಚ್) ನಿಯಮ ಮೊದಲ ಸಲ ಅನ್ವಯವಾದ ವರ್ಷ ಅದು. ಅಂಬರ್‌ನಾಥ್, ರಬಾಳೆ, ವಸಯಿಯ ಸಣ್ಣ ವರ್ಕ್‌ಶಾಪ್‌ಗಳಿಗೆಲ್ಲ ಫೋನ್ ಮಾಡಿ ಸಣ್ಣ ಉದ್ಯಮವೆಂದು ಸರ್ಕಾರ ಕೊಡುವ ಉದ್ಯಮ್ ನೋಂದಣಿಯ ಪ್ರಮಾಣಪತ್ರ ಕೇಳಿ ಕೇಳಿ ಗಂಟಲು ಒಣಗಿತು. ಲೇತ್ ಕೆಲಸ ಮಾಡಿಕೊಡುವ ಒಬ್ಬ ವೃದ್ಧರು, "ಇಷ್ಟು ವರ್ಷ ನಾನೇ ನಿಮಗೆ ಫೋನ್ ಮಾಡುತ್ತಿದ್ದೆ, ಇಂದು ನೀವಾಗಿ ಮಾಡಿದ್ದೀರಿ" ಎಂದರು. ಬಾಕಿ ಪಟ್ಟಿಯಲ್ಲಿ ಅದುವರೆಗೆ ನಾನು ದಿನಗಳ ಲೆಕ್ಕವನ್ನಷ್ಟೇ ನೋಡುತ್ತಿದ್ದೆ. ಆ ದಿನಗಳ ಆಚೆ ಸಂಬಳ ಕೊಡಲು ಕಾಯುತ್ತಿರುವ ಒಬ್ಬ ಮಾಲೀಕರಿದ್ದಾರೆ ಎಂಬುದು ಆ ಫೋನಿನಲ್ಲಿ ತಿಳಿಯಿತು.

ಇನ್ನು ನಿನ್ನ ಭಿವಂಡಿಯ ಸಾಲಿನ ವಿಷಯ. ಬ್ಯಾಂಕಿಗೆ ಹೋಗುವ ತಿಂಗಳ ದಾಸ್ತಾನು ಪಟ್ಟಿಯನ್ನು ಅಲ್ಲಿ ನಾನೇ ತಯಾರಿಸುತ್ತಿದ್ದೆ. ಉಗ್ರಾಣದವರು ಕೊಟ್ಟ ಸಂಖ್ಯೆಯನ್ನು ದರದಿಂದ ಗುಣಿಸಿ ಕಳಿಸುವುದು ವಾಡಿಕೆ. ಗೇಟಿನಲ್ಲಿ ಒಳಬಂದದ್ದೆಲ್ಲ ಉಗ್ರಾಣದ ಲೆಕ್ಕಕ್ಕೆ ಸೇರುತ್ತಿತ್ತು. ಮಾಲು ನಮ್ಮದೋ ಪರರದೋ ಎಂದು ಬರೆಯಲು ಅಲ್ಲಿ ಕಾಲಂ ಇರಲಿಲ್ಲ. ಯಾರೂ ಮೋಸ ಮಾಡಬೇಕೆಂದು ಕೂತಿರಲಿಲ್ಲ. ಆದರೂ ತಪ್ಪು ಪ್ರತಿ ತಿಂಗಳೂ ನಡೆಯುತ್ತಿತ್ತು. ಇದನ್ನು ಆಡಿಟ್ ಮಾಡಲು ಬಂದವರು ಕಾಣುವುದು ಕಷ್ಟ, ಒಳಗೆ ಕೂತವರಿಗೆ ಎರಡನೆಯ ತಿಂಗಳಲ್ಲೇ ಕಾಣುತ್ತದೆ.

ಕಳೆದುಕೊಂಡದ್ದನ್ನೂ ಹೇಳುತ್ತೇನೆ. ಆ ವರ್ಷ ಬ್ಯಾಂಕ್ ಆಡಿಟ್ ನನ್ನ ಕೈತಪ್ಪಿತು, ಕಂಪನಿಗಳ ಆಡಿಟ್ ವರದಿಗೆ ಸಹಿ ಬೀಳುವ ಹೊತ್ತಿನ ಚರ್ಚೆಗಳೂ ತಪ್ಪಿದವು. ಫೈನಲ್‌ನ ಆಡಿಟಿಂಗ್ ಪತ್ರಿಕೆ ಓದುವಾಗ ಆ ಕೊರತೆ ನನಗೆ ಗೊತ್ತಾಯಿತು. ಆದರೂ ನನ್ನನ್ನು ಕೇಳಿದರೆ, ಹೋಗು.

ಉತ್ತರ: ಫೋರ್ಟ್‌ನ ಲೆಕ್ಕಪರಿಶೋಧಕ

ವಿದ್ಯಾರ್ಥಿನಿಗೆ ಮೊದಲು ಅಭಿನಂದನೆ. ನೀವು ಕಕ್ಷಿದಾರರ ಹೆಸರನ್ನಾಗಲಿ ಅಂಕಿಗಳನ್ನಾಗಲಿ ಇಲ್ಲಿ ಬರೆದಿಲ್ಲ; ಮುಂದೆಯೂ ಬರೆಯಬೇಡಿ. ಎರಡು ದಶಕಕ್ಕೂ ಹೆಚ್ಚು ಕಾಲ ಆರ್ಟಿಕಲ್‌ಗಳನ್ನು ತಯಾರು ಮಾಡಿದವನಾಗಿ ನಾನು ಹಿಂದಿನ ಉತ್ತರವನ್ನು ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ.

ನಿಮ್ಮ ವರದಿಯ ಆ ಒಂದು ಸಾಲು ಏನು ಮಾಡುತ್ತದೆ ಎಂಬುದನ್ನು ಕಲ್ಪಿತ ಅಂಕಿಗಳಲ್ಲಿ ತೋರಿಸುತ್ತೇನೆ. ಸಾಲಗಾರರ ಮಿತಿ 1 ಕೋಟಿ 10 ಲಕ್ಷ, ಈಗಾಗಲೇ ಎತ್ತಿರುವುದು 1 ಕೋಟಿ 8 ಲಕ್ಷ ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ ದಾಸ್ತಾನು 1 ಕೋಟಿ 60 ಲಕ್ಷ. ಹಣ ಕೊಡದೆ ತಂದ ಮಾಲು 50 ಲಕ್ಷವನ್ನು ಕಳೆದರೆ 1 ಕೋಟಿ 10 ಲಕ್ಷ, ಅದರಲ್ಲಿ ಶೇ. 25 ಮಾರ್ಜಿನ್ (ಬ್ಯಾಂಕ್ ಸಾಲ ಕೊಡದೆ ಬಿಡುವ ಪಾಲು) ತೆಗೆದರೆ 82 ಲಕ್ಷ 50 ಸಾವಿರ. 90 ದಿನದೊಳಗಿನ ಬರಬೇಕಾದ ಬಾಕಿ 50 ಲಕ್ಷ, ಶೇ. 40 ಮಾರ್ಜಿನ್ ತೆಗೆದರೆ 30 ಲಕ್ಷ. ಒಟ್ಟು ಡ್ರಾಯಿಂಗ್ ಪವರ್, ಅಂದರೆ ಈ ಆಧಾರದ ಮೇಲೆ ಎತ್ತಬಹುದಾದ ಹಣ, 1 ಕೋಟಿ 12 ಲಕ್ಷ 50 ಸಾವಿರ, ಮಿತಿಗಿಂತಲೂ ಹೆಚ್ಚು. ಖಾತೆ ಸುಸ್ಥಿತಿಯಲ್ಲಿದೆ ಎಂದೇ ಕಾಣುತ್ತದೆ. ಈಗ ನಿಮ್ಮ ಹಿಂದಿನ ಗೋಡೆಯ ಸಾಲನ್ನು, ಅದು 30 ಲಕ್ಷದ್ದೆಂದು ಇಟ್ಟುಕೊಂಡು, ತೆಗೆದುಹಾಕಿ. ಡ್ರಾಯಿಂಗ್ ಪವರ್ 90 ಲಕ್ಷಕ್ಕೆ ಇಳಿಯುತ್ತದೆ. ಎತ್ತಿರುವುದು 1 ಕೋಟಿ 8 ಲಕ್ಷ. ಅಂದರೆ 18 ಲಕ್ಷಕ್ಕೆ ಆಧಾರವೇ ಇಲ್ಲ. ಈ ಮಿತಿಮೀರಿದ ಸ್ಥಿತಿ ಸತತ 90 ದಿನ ಮುಂದುವರಿದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಖಾತೆ ಎನ್.ಪಿ.ಎ., ಅಂದರೆ ಅನುತ್ಪಾದಕ ಸಾಲ, ಆಗುತ್ತದೆ. ನೀವು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಓದಿದ ಚೀಟಿಗಳ ಬೆಲೆ ಇದು. ಈ ಲೆಕ್ಕವನ್ನು ನಿಮ್ಮ ಸೀನಿಯರ್ ಅದೇ ಸಂಜೆ ಒಂದು ಹಾಳೆಯಲ್ಲಿ ಹಾಕಿ ತೋರಿಸಬೇಕಿತ್ತು. ಹದಿನೈದು ನಿಮಿಷದ ಕೆಲಸ. ನಮ್ಮ ವೃತ್ತಿಯಲ್ಲಿ ಕಿರಿಯರಿಗೆ ನಾವು ಮಾಡುತ್ತಿರುವ ದೊಡ್ಡ ಅನ್ಯಾಯ ಇದೇ ಎಂದು ನನಗೆ ಅನ್ನಿಸುತ್ತದೆ: ಕೆಲಸ ಕೊಡುತ್ತೇವೆ, ಕೆಲಸದ ಫಲವನ್ನು ತೋರಿಸುವುದಿಲ್ಲ.

ಇನ್ನೊಂದು ಮಾತು. ಮುಕಾದಮರ ಮಾತನ್ನಷ್ಟೇ ನಂಬಿ ನಿಲ್ಲಬೇಡಿ. ಜಾಬ್ ವರ್ಕ್ ಮಾಲು ಜಿ.ಎಸ್.ಟಿ. ಕಾಯಿದೆಯ 143ನೆಯ ವಿಧಿಯ ಪ್ರಕಾರ ತೆರಿಗೆ ಕಟ್ಟದೆ ಚಲನ್ (ಮಾಲಿನ ಜೊತೆ ಕಳಿಸುವ ರವಾನೆ ಪತ್ರ) ಮೇಲೆ ಬರುತ್ತದೆ. ಆ ಚಲನ್ ಕೇಳಿ ನೋಡಿದರೆ ಮಾಲು ಯಾರದು, ಎಷ್ಟು, ಯಾವಾಗ ಬಂತು ಎಂಬುದೆಲ್ಲ ಕಾಗದದ ಮೇಲೆ ಸಿಗುತ್ತದೆ. ಚೀಟಿ ಸುಳಿವು, ಚಲನ್ ಸಾಕ್ಷ್ಯ.

ಈಗ ನಿಮ್ಮ ನಿರ್ಧಾರದ ಬಗ್ಗೆ. ಮೂರು ವರ್ಷದ ಪದ್ಧತಿಯಲ್ಲಿ ಎರಡು ಸೆಪ್ಟೆಂಬರ್, ಎರಡು ಏಪ್ರಿಲ್ ಕಚೇರಿಯಲ್ಲಿ ಕಳೆದು ಮೂರನೆಯ ವರ್ಷ ಕಂಪನಿಗೆ ಹೋಗಬಹುದಿತ್ತು. ಎರಡು ವರ್ಷದಲ್ಲಿ ಆಗಸ್ಟ್ 1ಕ್ಕೇ ಹೊರಟರೆ ನಿಮಗೆ ಸಿಕ್ಕಿದ್ದು ಒಂದೇ ಸೆಪ್ಟೆಂಬರ್, ಅದೂ ಸೇರಿದ ಎರಡನೆಯ ತಿಂಗಳಲ್ಲಿ, ಏನೂ ತಿಳಿಯದೆ ಕಾಲಂ ತುಂಬಿದ್ದು. ಅದನ್ನು ಹಾಗೆಯೇ ಬಿಟ್ಟು ಹೋಗುವುದು ಸರಿಯಲ್ಲ. ಆದರೆ ನೀವು ಹತ್ತು ದಿನದ ಗಡುವಿಗೆ ಗಾಬರಿಯಾಗುವ ಅಗತ್ಯವೂ ಇಲ್ಲ. ನಿಯಮ ಹೇಳುವುದು 9ರಿಂದ 12 ತಿಂಗಳು ಎಂದು. ನವೆಂಬರ್ 1ಕ್ಕೆ ಹೊರಟರೂ ಜುಲೈ 31ಕ್ಕೆ ಒಂಬತ್ತು ತಿಂಗಳು ಪೂರ್ತಿಯಾಗುತ್ತದೆ, ಪತ್ರ ಕೊಡಲು ಜುಲೈ ಕೊನೆಯವರೆಗೆ ಸಮಯವಿದೆ. ಇನ್ನೊಂದು ಸೆಪ್ಟೆಂಬರ್ ಕಚೇರಿಯಲ್ಲೇ ಕಳೆಯಿರಿ. ಈ ಸಲ ಹೋದ ವರ್ಷದ ಫೈಲ್ ಕೈಗೆ ಬಂದಾಗ ನಕಲು ಮಾಡಬೇಡಿ. ಅದು ನಿಮ್ಮದೇ ಕೈಬರಹದ ಫೈಲ್ ಆಗಿರುತ್ತದೆ. ಒಂದೊಂದು ಕಾಲಮ್ಮಿನ ಮುಂದೆ ಈ ಸಂಖ್ಯೆ ಎಲ್ಲಿಂದ ಬಂತು ಎಂದು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾ ಹೋಗಿ. ಬರೆಯಲಾಗದ ಕಡೆ ಎದ್ದು ಹೋಗಿ ಪ್ರಿನ್ಸಿಪಾಲರನ್ನೇ ಕೇಳಿ. ತರಬೇತಿ ಕೊಡುವುದು ಅವರ ಕರ್ತವ್ಯ, ಉಪಕಾರವಲ್ಲ.

ಉತ್ತರ: ಮಾಟುಂಗಾದ ನಿವೃತ್ತ ಬ್ಯಾಂಕ್ ಅಧಿಕಾರಿ

ಮಗಳೇ, ನಿನ್ನ ಆ ಸಾಲು ಬಂದು ತಲುಪುವ ಮೇಜಿನ ಈ ಕಡೆ ನಾನು ಬಹಳ ವರ್ಷ ಕೂತಿದ್ದೆ. ನಮ್ಮ ಕರಾವಳಿಯಲ್ಲೇ ಹುಟ್ಟಿ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕಿನಲ್ಲಿ ವಿಲೀನವಾದ ಬ್ಯಾಂಕ್ ನನ್ನದು. ಅದರ ಮುಂಬಯಿ ಶಾಖೆಗಳಲ್ಲಿ ಸಾಲ ವಿಭಾಗ ನೋಡಿಕೊಂಡಿದ್ದೆ. ಸ್ಟಾಕ್ ಆಡಿಟ್ ವರದಿ ಬಂದರೆ ನಾನು ಮೊದಲು ಓದುತ್ತಿದ್ದದ್ದು ಕೊನೆಯ ಪುಟದ ಅಭಿಪ್ರಾಯವನ್ನಲ್ಲ, ನಡುವೆ ಎಲ್ಲೋ ಅಡಗಿರುವ ಇಂಥ ಸಾಲುಗಳನ್ನು.

ಆಮೇಲೆ ಏನಾಗುತ್ತದೆ ಎಂದು ಕೇಳಿದೆಯಲ್ಲ. ಹೊಸ ಡ್ರಾಯಿಂಗ್ ಪವರ್ ಕಂಪ್ಯೂಟರಿನಲ್ಲಿ ಏರುತ್ತದೆ, ಸಾಲಗಾರರ ಮುಂದಿನ ಚೆಕ್ ನಿಲ್ಲುತ್ತದೆ, ಮರುದಿನ ಬೆಳಿಗ್ಗೆ ಅವರು ಶಾಖೆಯಲ್ಲಿ ಕೂತಿರುತ್ತಾರೆ. ನೇಕಾರರ ಕೂಲಿ ಕೊಡಬೇಕು ಸಾಹೇಬರೇ ಎನ್ನುತ್ತಾರೆ, ಮತ್ತು ಅದು ನಿಜವೇ ಆಗಿರುತ್ತದೆ. ಆಗ ನಾವು ಮಾಡುತ್ತಿದ್ದದ್ದು, ಜಾಬ್ ವರ್ಕ್ ಮಾಲನ್ನು ಪಟ್ಟಿಯಲ್ಲಿ ಬೇರೆಯಾಗಿ ತೋರಿಸಲು ಬರೆಸಿಕೊಳ್ಳುವುದು, ಕಡಿಮೆಯಾದ ಮೊತ್ತವನ್ನು ಇಷ್ಟು ದಿನದಲ್ಲಿ ತುಂಬಬೇಕೆಂದು ಪತ್ರ ಪಡೆಯುವುದು, ಗೋದಾಮಿಗೆ ನಾವೇ ಒಮ್ಮೆ ಹೋಗಿಬರುವುದು. ಎಷ್ಟೋ ಖಾತೆಗಳು ಹೀಗೆ ಸಮಯಕ್ಕೆ ಸರಿಯಾಗಿ ಹಿಡಿದದ್ದರಿಂದಲೇ ಉಳಿದಿವೆ. ಹಾಗೆಯೇ ಮೂರು ತಿಂಗಳಿಗಿಂತ ಹಳೆಯ ದಾಸ್ತಾನು ಪಟ್ಟಿಯ ಆಧಾರದ ಮೇಲೆ ಹಣ ಎತ್ತಿದರೆ ಅದನ್ನೂ ಅಕ್ರಮ ಎಂದೇ ಪರಿಗಣಿಸುತ್ತಾರೆ. ಆದ್ದರಿಂದ ಪಟ್ಟಿಯಲ್ಲಿ ಏನಿದೆ ಎಂಬುದರಷ್ಟೇ ಅದರ ತಾರೀಖೂ ಮುಖ್ಯ.

ಮುಂದಿನ ಸ್ಟಾಕ್ ಆಡಿಟ್‌ಗೆ ಹೋಗುವ ಮೊದಲು ಬ್ಯಾಂಕಿನ ಸಾಲ ಮಂಜೂರಾತಿ ಪತ್ರವನ್ನು ಕೇಳಿ ಓದು. ಮಾರ್ಜಿನ್ ಎಷ್ಟು, ಎಷ್ಟು ದಿನದ ಬಾಕಿಯನ್ನು ಒಪ್ಪುತ್ತಾರೆ, ಯಾವ ವಿಳಾಸದ ಗೋದಾಮು ಎಲ್ಲವೂ ಅದರಲ್ಲಿರುತ್ತದೆ. ವಿಮೆಯ ಪಾಲಿಸಿಯನ್ನೂ ನೋಡು. ಅದರಲ್ಲಿ ಬ್ಯಾಂಕಿನ ಹೆಸರಿದೆಯೇ, ಗೋದಾಮಿನ ವಿಳಾಸ ಅದೇ ಇದೆಯೇ, ಪರರ ಮಾಲನ್ನು ವಿಶ್ವಾಸದ ಮೇಲೆ ಇಟ್ಟುಕೊಂಡಿರುವುದಕ್ಕೆ ಪ್ರತ್ಯೇಕ ಉಲ್ಲೇಖವಿದೆಯೇ ಎಂದು ನೋಡಬೇಕು. ಬಟ್ಟೆಯ ಗೋದಾಮಿಗೆ ಬೆಂಕಿ ತಗುಲಿದ ದಿನ ಮೊದಲು ಏಳುವ ಪ್ರಶ್ನೆ ಮಾಲು ಯಾರದು ಎಂಬುದೇ. ಆ ಉಲ್ಲೇಖವಿಲ್ಲದಿದ್ದರೆ ನೇಯಿಸಲು ಕೊಟ್ಟವರೂ ನೇಯ್ದವರೂ ಒಟ್ಟಿಗೆ ಮುಳುಗುತ್ತಾರೆ.

ನನ್ನ ತಂದೆ ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಬಂದು ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವರು. ಹೋಟೆಲಿನ ಗಲ್ಲೆಯಲ್ಲಿ ಕೂರಿಸಿದ ಮೇಲೆಯೇ ಶಾಲೆಯ ಗಣಿತ ಅರ್ಥವಾಯಿತು ಎನ್ನುತ್ತಿದ್ದರು. ನೀನು ಆಡಿಟ್ ಕಚೇರಿ, ಕಂಪನಿ ಎರಡನ್ನೂ ನೋಡು. ಸಾಧ್ಯವಾದರೆ ಏಪ್ರಿಲ್‌ನ ಬ್ಯಾಂಕ್ ಆಡಿಟ್ ಹೊತ್ತಿನಲ್ಲಿ ಸಾಲದ ಮೇಜಿನವರ ಪಕ್ಕದಲ್ಲಿ ಅರ್ಧ ದಿನ ಸುಮ್ಮನೆ ಕೂತು ನೋಡು.

ಉತ್ತರ: ಪುಣೆಯ ವಿದ್ಯಾರ್ಥಿ

ಅಕ್ಕ, ನಾನು ಪುಣೆಯಲ್ಲಿ ನಿಮ್ಮದೇ ಹೊಸ ಪದ್ಧತಿಯಲ್ಲಿ ಎರಡನೆಯ ವರ್ಷದಲ್ಲಿದ್ದೇನೆ. ಪರೀಕ್ಷೆಯ ಬಗ್ಗೆ ಮಾತ್ರ ಬರೆಯುತ್ತೇನೆ. ತರಬೇತಿ ಮುಗಿದು ಆರು ತಿಂಗಳಾದ ಮೇಲೆ ಫೈನಲ್‌ಗೆ ಕೂರಬಹುದು. 2025ರಿಂದ ಫೈನಲ್ ವರ್ಷಕ್ಕೆ ಮೂರು ಸಲ, ಜನವರಿ, ಮೇ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಯುತ್ತಿದೆ. ನಿಮ್ಮ ತರಬೇತಿ ಜುಲೈ 31ಕ್ಕೆ ಮುಗಿದರೆ ಆರು ತಿಂಗಳು ತುಂಬುವುದು ಜನವರಿ 31ಕ್ಕೆ. ಹಾಗಾಗಿ ಜನವರಿಯ ಪರೀಕ್ಷೆ ಸಿಗುವುದಿಲ್ಲ, ಮೊದಲ ಅವಕಾಶ ಮೇ ತಿಂಗಳಲ್ಲಿ. ಓದಲು ಒಂಬತ್ತು ತಿಂಗಳು ಸಿಕ್ಕೇ ಸಿಗುತ್ತದೆ. ಆದ್ದರಿಂದ ಓದಿಗಾಗಿ ಹಗುರವಾದ ಜಾಗ ಹುಡುಕಿ ತರಬೇತಿಯನ್ನು ಹಾಳು ಮಾಡಿಕೊಳ್ಳಬೇಡಿ. ತರಬೇತಿಯ ಸಮಯದಲ್ಲಿ ಮುಗಿಸಬಹುದಾದದ್ದೆಂದರೆ ಫೈನಲ್‌ಗೆ ಮೊದಲು ಪಾಸಾಗಲೇಬೇಕಾದ ನಾಲ್ಕು ಆನ್‌ಲೈನ್ ಸ್ವಯಂ ಅಧ್ಯಯನ ಮಾಡ್ಯೂಲ್‌ಗಳು. ನಾನು ಮೊದಲನೆಯದನ್ನು ಮುಂದೂಡುತ್ತಾ ಬಂದು ಈಗ ನಾಲ್ಕೂ ಒಟ್ಟಿಗೆ ಬಾಕಿ ಉಳಿದಿವೆ, ಅದರ ಭಾರ ದಿನವೂ ತಲೆಯ ಮೇಲಿದೆ. ನೀವು ಈ ಮಳೆಗಾಲದಲ್ಲೇ ಎರಡನ್ನಾದರೂ ಮುಗಿಸಿಬಿಡಿ.

ಮತ್ತೆ: ಡೊಂಬಿವಲಿಯ ವಿದ್ಯಾರ್ಥಿನಿ

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ನೀವು ನನಗಾಗಿ ಇಷ್ಟು ಹೊತ್ತು ಕೊಟ್ಟು ಬರೆದಿದ್ದೀರಿ, ನಿಮಗೆಲ್ಲ ನನ್ನ ಮನಃಪೂರ್ವಕ ಕೃತಜ್ಞತೆಗಳು.

ಫೋರ್ಟ್‌ನ ಸರ್ ಬರೆದ ಲೆಕ್ಕವನ್ನು ಲೋಕಲ್‌ನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ನಾನೇ ಒಮ್ಮೆ ಹಾಕಿ ನೋಡಿದೆ; ದಿವಾ ದಾಟಿ ಠಾಣೆ ಬರುವುದರೊಳಗೆ 18 ಲಕ್ಷ ಎಂದು ಬಂತು. ಆಮೇಲೆ ನಿನ್ನೆ ಧೈರ್ಯ ಮಾಡಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಭಿವಂಡಿಯ ವರದಿಯ ನಂತರ ಏನಾಯಿತು ಎಂದು ತಿಳಿಯುವ ಆಸೆಯಿದೆ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಬಳಿಕ ಕಪಾಟಿನಿಂದ ಫೈಲ್ ತೆಗೆಸಿ, ಬ್ಯಾಂಕಿನಿಂದ ಬಂದ ಪತ್ರವನ್ನು ಮುಂದಿಟ್ಟು, ಕುರ್ಚಿ ಎಳೆದುಕೊಂಡು ಕೂರಲು ಹೇಳಿದರು. ಪತ್ರದಲ್ಲಿ ಏನಿತ್ತು ಎಂದು ಇಲ್ಲಿ ಬರೆಯುವಂತಿಲ್ಲ. ಮಾಟುಂಗಾದ ಹಿರಿಯರು ಹೇಳಿದ ದಾರಿಯಲ್ಲೇ ಅದು ಸಾಗಿತ್ತು ಎಂದಷ್ಟೇ ಹೇಳಬಲ್ಲೆ. ನಲವತ್ತು ನಿಮಿಷ ಅವರು ನನಗಾಗಿ ಕೂತರು. ಎಂಟು ತಿಂಗಳಲ್ಲಿ ನಾನೇ ಒಮ್ಮೆಯೂ ಹೋಗಿ ಕೇಳಿರಲಿಲ್ಲ ಎಂಬುದೂ ಅಷ್ಟೇ ನಿಜ.

ನವೆಂಬರ್ 1ರಿಂದ ಒಂಬತ್ತು ತಿಂಗಳು ಹೊರಗೆ ಹೋಗುವ ಆಲೋಚನೆಯನ್ನೂ ಅವರ ಮುಂದಿಟ್ಟೆ, ಒಪ್ಪಿದರು. ಸೆಪ್ಟೆಂಬರಿನಲ್ಲಿ ಮೂರು ಟ್ಯಾಕ್ಸ್ ಆಡಿಟ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ನನಗೇ ವಹಿಸುತ್ತೇನೆ ಎಂದಿದ್ದಾರೆ. ಬರುವ ತಿಂಗಳು ಇನ್ನೊಂದು ಗೋದಾಮಿನ ಸ್ಟಾಕ್ ಆಡಿಟ್ ಇದೆ. ಮಂಜೂರಾತಿ ಪತ್ರ, ವಿಮೆಯ ಪಾಲಿಸಿ, ಜಾಬ್ ವರ್ಕ್ ಚಲನ್, ಗೇಟಿನ ರಿಜಿಸ್ಟರ್ ಈ ನಾಲ್ಕನ್ನೂ ಮುಂಚಿತವಾಗಿ ತರಿಸಿಡಿ ಎಂದು ಇಂದು ಬೆಳಿಗ್ಗೆ ಮೇಲ್ ಕಳಿಸಿದ್ದೇನೆ.

ಠಾಣೆಯ ಅಕ್ಕನಿಗೆ ಒಂದು ಕೋರಿಕೆ: ಐರೋಲಿ, ಮಹಾಪೆ ಕಡೆಯ ಕಾರ್ಖಾನೆಗಳಲ್ಲಿ ಟ್ರೆಷರಿ ಮತ್ತು ದಾಸ್ತಾನು ಎರಡೂ ಮೇಜುಗಳಲ್ಲಿ ತರಬೇತಿಯವರನ್ನು ಕೂರಿಸುವ ಕಡೆ ನಿಮಗೆ ಗೊತ್ತಿದ್ದರೆ ಖಾಸಗಿಯಾಗಿ ತಿಳಿಸಿ. ಜುಲೈ ಒಳಗೆ ಹೋಗಿ ಆ ಎರಡು ಪ್ರಶ್ನೆಗಳನ್ನು ನಾನೇ ಕೇಳಿಕೊಂಡು ಬರುತ್ತೇನೆ.